ಹಾರೂ ಸರದಾರನ ಸೆರಗು

ಚಿತ್ರಕಲಾ ಶಿಕ್ಷಕನ ನೇಮಕದ ಆರ್ಡರನ್ನು ಕಿಸೆಯಲ್ಲಿಟ್ಟುಕೊಂಡು ಒಬ್ಬ ತರುಣ ಮೊನ್ನೆ ನನ್ನ ಮನೆಗೆ ಬಂದಿದ್ದ. ಕೆಲಸಕ್ಕೆ ಹಾಜರಾಗುವ ಮೊದಲು ಏನೇನು ಕೊಂಡುಕೊಳ್ಳಬೇಕು ಎಂದು ಕೇಳಿದ. ಒಳ್ಳೆಯ ಕುಂಚ, ವಿಲಾಯತಿ ಬಣ್ಣ ಎಂದು ನಾನು ಹೇಳುತ್ತೇನೆಂದು ಪಾಪ ಕಾದಿದ್ದ. ನಾನು, "ಒಂದು ಗಟ್ಟಿ ನಿಚ್ಚಣಿಕಿ ತಗೋ" ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಅವನಿಗೆ ಬಾಯಿಂದ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿತ್ರಕಲಾ ಶಿಕ್ಷಕ ಎಂದರೆ ಶಾಲೆಯ ಬೋರ್ಡು ಬರೆಯುವವನು. ಗೋಡೆಗೆ ಸುಭಾಷಿತ, ಪಾಯಖಾನೆಗೆ ಬಾಣದ ಗುರುತು, ಸಾಹೇಬರು ಬರುವ ದಿನ ಬಾಗಿಲ ಮೇಲೆ ಸುಸ್ವಾಗತ. ಇಷ್ಟೆಲ್ಲ ಮುಗಿದ ಮೇಲೆ ಹೊತ್ತು ಉಳಿದರೆ ಮಕ್ಕಳಿಗೆ ಹೂಜಿ ತೆಗೆಯುವುದನ್ನು ಕಲಿಸಬಹುದು. ನನ್ನ ಇಡೀ ನೌಕರಿಯಲ್ಲಿ ನಾನು ಮನುಷ್ಯರ ಮುಖಕ್ಕಿಂತ ಸುಸ್ವಾಗತವನ್ನೇ ಹೆಚ್ಚು ಬರೆದಿದ್ದೇನೆ. ಹಾಗೆ ಸ್ವಾಗತಿಸಿಕೊಂಡವರಲ್ಲಿ ಇಬ್ಬರು ಅದೇ ವಾರ ನನ್ನ ವರ್ಗಾವಣೆಗೆ ಸಹಿ ಹಾಕಿದರು.

ಐವತ್ತೈದು ತುಂಬಿದ ದಿನ ಸರಕಾರ ನನ್ನನ್ನು ಮುದುಕನೆಂದು ತೀರ್ಮಾನಿಸಿತು. ಕನ್ನಡಿ ಇನ್ನೂ ಒಪ್ಪಿಲ್ಲ. ಮೊಣಕಾಲು ಮಾತ್ರ ಸರಕಾರದ ಪರ. ನಾನು ಹುಟ್ಟಾ ಅಂಜುಬುರುಕ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್ಸು ಹತ್ತಿದರೆ ಅದು ಬೋರ್ಡಿನ ಮೇಲಿದ್ದ ಊರಿಗೇ ಹೋಗುತ್ತದೆಯೇ ಎಂದು ಕಂಡಕ್ಟರನನ್ನು ಮೂರು ಸಲ ಕೇಳುವವನು ನಾನು. ಬೋರ್ಡು ಬರೆಯುವವನಿಗೆ ಬೋರ್ಡಿನ ಮೇಲೆ ಎಷ್ಟು ನಂಬಿಕೆ ಇರುತ್ತದೆಂದು ಇದರಿಂದ ತಿಳಿಯಬಹುದು.

ಮೊದಲ ನೇಮಕ ಬಾಗಲಕೋಟೆಯಲ್ಲಿ. ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಟ್ಟ ಸಾವಕಾರರೊಬ್ಬರು ತೀರಿಹೋದ ತಮ್ಮ ತಂದೆಯ ಭಾವಚಿತ್ರ ಬೇಕೆಂದರು. ಫೋಟೋ ಕೇಳಿದೆ. ಇರಲಿಲ್ಲ. "ನನ್ನ ಮಾರಿ ನೋಡಿನ ತಗೀರಿ. ಅಪ್ಪನ ಮಾರಿನ ನನಗ ಬಂದೈತಿ. ಮೀಸಿ ಅಷ್ಟ ದೊಡ್ಡೂ ಮಾಡ್ರಿ" ಎಂದರು. ಮಾಡಿದೆ. ಉದ್ಘಾಟನೆಯ ದಿನ ಪರದೆ ಸರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ತಂದೆಯನ್ನು ಖುದ್ದು ಕಂಡಿದ್ದವಳು ಸಭೆಯಲ್ಲಿ ಒಬ್ಬಳೇ, ಸಾವಕಾರರ ಸೋದರತ್ತೆ. ಮುದುಕಿ ಹತ್ತಿರ ಹೋಗಿ ನೋಡಿ, ಸಾವಕಾರರ ಕಡೆ ತಿರುಗಿ, "ಯಾವಾಗಿಂದ ನಾಟಕದಾಗ ಪಾರ್ಟ್ ಮಾಡಾಕ ಹತ್ತೀಯೋ ತಮ್ಮಾ?" ಎಂದಳು. ಮೀಸೆ ಅಂಟಿಸಿದ ಮಾತ್ರಕ್ಕೆ ಮನುಷ್ಯ ಬೇರೆಯಾಗುವುದಿಲ್ಲ ಎಂಬ ಪಾಠವನ್ನು ನಾನು ಅಂದೇ ಕಲಿಯಬೇಕಿತ್ತು. ಕಲಿಯಲಿಲ್ಲ.

ಅಲ್ಲಿಂದ ನನ್ನನ್ನು ಎತ್ತಿ ಬಾದಾಮಿಗೆ ಹಾಕಿದರು. ಅಲ್ಲಿಗೊಬ್ಬ ದೊಡ್ಡ ಅಧಿಕಾರಿ ಗವಿಗಳನ್ನು ನೋಡಲು ಬರುವವರಿದ್ದರು. ಶಾಲೆಯ ಹಾಲಿನಲ್ಲಿ ಗವಿಯ ಮೂರ್ತಿಗಳನ್ನು ಗೋಡೆಯ ಮೇಲೆ ತೆಗೆಯಬೇಕು, ಆದರೆ ಸಭ್ಯವಾಗಿರಬೇಕು ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಕೊಟ್ಟರು. ಕಂಬದ ಮೇಲಿನ ಗಂಡ ಹೆಂಡಿರ ಮೂರ್ತಿಗಳನ್ನು ಸಭ್ಯಗೊಳಿಸುವುದೆಂದರೆ ಸುಲಭವೇ? ನಾನು ಹೆಣ್ಣುಮಕ್ಕಳಿಗೆಲ್ಲ ಒಂಬತ್ತು ವಾರಿ ಸೀರೆ ಉಡಿಸಿ, ಮೊಣಕೈವರೆಗೆ ಕುಪ್ಪಸ ತೊಡಿಸಿದೆ. ಗಂಡಸರಿಗೆ ಹೆಗಲ ಮೇಲೊಂದು ಶಲ್ಯ. ಅಧಿಕಾರಿಗಳು ಮಧ್ಯಾಹ್ನದ ಬಿಸಿಲಿನಲ್ಲಿ ಗವಿ ನೋಡಿ, ಬೆವರು ಒರೆಸಿಕೊಳ್ಳುತ್ತ ಶಾಲೆಗೆ ಬಂದು, ನನ್ನ ಗೋಡೆಯ ಮುಂದೆ ನಿಂತು, ಚಾಲುಕ್ಯರ ಕಾಲದಲ್ಲಿ ಈ ಊರಲ್ಲಿ ಇಷ್ಟು ಚಳಿ ಇತ್ತೇ ಎಂದು ವಿಚಾರಿಸಿದರು. ಮುಖ್ಯೋಪಾಧ್ಯಾಯರು ನನ್ನ ಕಡೆ ನೋಡಿದರು, ಈ ಸೀರೆಗಳನ್ನು ಈಗಷ್ಟೇ ನೋಡುತ್ತಿರುವವರಂತೆ. ಮುಂದಿನ ಜೂನಿನಲ್ಲಿ ನಾನು ಇಳಕಲ್ಲಿನಲ್ಲಿದ್ದೆ.

ನನ್ನ ವೃತ್ತಿಯ ಎರಡು ದೊಡ್ಡ ತಪ್ಪುಗಳೂ ಸೀರೆಯವೇ. ಬಾದಾಮಿಯಲ್ಲಿ ಇಲ್ಲದ ಕಡೆ ಉಡಿಸಿದೆ. ಎರಡನೆಯದು ಇಳಕಲ್ಲಿನದು. ಸೀರೆಯ ಊರಿಗೇ ಬಂದು ಮಾಡಿದ್ದರಿಂದ ಅದು ಸ್ವಲ್ಪ ದೊಡ್ಡದಾಯಿತು.

ಇಳಕಲ್ಲಿನಲ್ಲಿ ನೇಕಾರ ಗುರಸಿದ್ಧಪ್ಪನವರ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೋಡೆಯಾಚೆ ಅವರ ಕುಣಿಮಗ್ಗ. ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ಮುಂಜಾನೆಯಿಂದ ಸಂಜೆವರೆಗೆ ನೇಯುತ್ತಿದ್ದರು. ಐವತ್ತರ ಆಸುಪಾಸಿನ ಆಳು, ಅಗಲ ಹೆಗಲು, ತುಸು ಬಾಗಿದ ಬೆನ್ನು. ದಾರ ಕಟ್ಟಿದ ಕನ್ನಡಕ ಮೂಗಿನ ತುದಿಯಲ್ಲಿರುತ್ತಿತ್ತು. ಹೆಂಡತಿ ಗಂಗವ್ವ ಅಂಗಳದಲ್ಲಿ ಹಾಸಿನ ಎಳೆ, ಎಂದರೆ ಸೀರೆಯ ಉದ್ದಕ್ಕೂ ಓಡುವ ನೂಲು, ಸಿದ್ಧಮಾಡುತ್ತಿದ್ದಳು. ಗಂಡನಿಗೆ ಮಾತು ಬಹಳ, ಅವಳಿಗೆ ಕಡಿಮೆ.

ಆಗ ನಾನು ಕೆಲಸದಲ್ಲಿ ಕಾಯಂ ಆಗಿರಲಿಲ್ಲ. ನೌಕರಿಯ ಐದನೆಯ ವರ್ಷ ನಡೆದಿತ್ತು. ಇನ್ನೊಂದು ವರದಿ ಕೆಟ್ಟದ್ದು ಬಂದರೆ ಮನೆಗೆ ಹೋಗಿ ಎಂದು ಕಾಗದದಲ್ಲೇ ಬರೆದಿದ್ದರು. ಊರಲ್ಲಿ ತಾಯಿ, ಮದುವೆಯಾಗದ ತಂಗಿ, ನನ್ನ ಪಗಾರದ ದಾರಿ ಕಾಯುವವರು. ಮೇಲಾಗಿ ರಾಜ್ಯ ಒಂದಾದ ಹೊಸದು. ಮುಂಬಯಿ ಕಡೆಯ ಹಳೆಯ ಫಾರಂಗಳು ಹೋಗಿ ಮೈಸೂರು ಕಡೆಯ ಹೊಸ ಫಾರಂಗಳು ಬರುತ್ತಿದ್ದವು. ಹಳೆಯವು ಇಂಗ್ಲಿಷಿನಲ್ಲಿದ್ದವು, ಒಂದಿಷ್ಟು ತಿಳಿಯುತ್ತಿದ್ದವು. ಹೊಸವು ಕನ್ನಡದಲ್ಲಿದ್ದವು. ನಮ್ಮ ಮುಖ್ಯೋಪಾಧ್ಯಾಯ ದೇಸಾಯರು ಅವನ್ನು ಓದಿಸಲು ಸಂಸ್ಕೃತದ ಮಾಸ್ತರರನ್ನು ಕರೆಸುತ್ತಿದ್ದರು.

ಇನ್ನು ಸರದಾರ. ಮುಂಬಯಿಯಿಂದ ಸೀರೆ ವ್ಯಾಪಾರಿಗಳ ಗಂಟಿಗೆ ಸುತ್ತಿಕೊಂಡು ರದ್ದಿ ಕಾಗದ ಬರುತ್ತಿತ್ತು. ಅದರಲ್ಲಿ ಒಂದು ಇಂಗ್ಲಿಷ್ ವಾರಪತ್ರಿಕೆಯ ಚಿತ್ರಕಥೆಯ ಹಾಳೆಗಳು. ಕಣ್ಣಿಗೆ ಮುಖವಾಡ, ಎದೆಯ ಮೇಲೆ ರೆಕ್ಕೆಯ ಗುರುತು, ಬೆನ್ನಿಗೆ ಕೆಂಪು ನಿಲುವಂಗಿ, ಪಾಯಿಜಾಮಿನ ಮೇಲೆ ಚಡ್ಡಿ ಹಾಕಿಕೊಂಡ ಒಬ್ಬ ವೀರ ಆಕಾಶದಲ್ಲಿ ಹಾರುತ್ತಿದ್ದ. ಹುಡುಗರಿಗೆ ಅವನ ಇಂಗ್ಲಿಷ್ ಹೆಸರು ಓದಲು ಬರುತ್ತಿರಲಿಲ್ಲವಾಗಿ ಹಾರೂ ಸರದಾರ ಎಂದು ತಾವೇ ಹೆಸರಿಟ್ಟಿದ್ದರು. ತರಗತಿಯಲ್ಲಿ ಅವನ್ನು ಜಪ್ತಿ ಮಾಡುತ್ತಿದ್ದೆ. ಜಪ್ತಿ ಮಾಡಿದ್ದನ್ನು ಎಲ್ಲ ಮಾಸ್ತರರೂ ಮಾಡುವಂತೆ ಮನೆಗೆ ಒಯ್ದು ಓದುತ್ತಿದ್ದೆ.

ಸರದಾರ ರೈಲು ಎತ್ತುತ್ತಿದ್ದ, ಮುರಿದ ಸೇತುವೆಗೆ ಹೆಗಲು ಕೊಡುತ್ತಿದ್ದ. ಬೆವರು ಬರುತ್ತಿರಲಿಲ್ಲ, ಬಟ್ಟೆ ಮಾಸುತ್ತಿರಲಿಲ್ಲ. ಗೋಡೆಯಾಚೆ ಲಾಳಿ ಓಡುವ ಸದ್ದು ಕೇಳುತ್ತ ಓದುವವನಿಗೆ ಒಂದು ಪ್ರಶ್ನೆ ಹುಟ್ಟುವುದು ಸಹಜ: ಈ ನಿಲುವಂಗಿ ನೇಯ್ದುಕೊಟ್ಟವರು ಯಾರು? ಅದೇ ತಿಂಗಳು ಹುಡುಗರನ್ನು ಐಹೊಳೆಗೆ ಕರೆದೊಯ್ದಿದ್ದೆ. ಅಲ್ಲಿ ಗುಡಿಯ ಒಳಛಾವಣಿಯಲ್ಲಿ ಕಲ್ಲಿನ ಗಂಧರ್ವರು ಕಾಲು ಮಡಚಿ ಆರಾಮಾಗಿ ಹಾರುತ್ತಿದ್ದರು, ಚಡ್ಡಿಯ ತಕರಾರಿಲ್ಲದೆ. ಸರದಾರ ಮುಪ್ಪಾದ ಮೇಲೆ ಹಾರುವುದನ್ನು ಬಿಟ್ಟು, ಊರಿಗೆ ಬಂದು, ಕುಣಿಮಗ್ಗದಲ್ಲಿ ಕೂತು ತನ್ನ ನಿಲುವಂಗಿ ತಾನೇ ನೇಯ್ದುಕೊಂಡರೆ ಹೇಗೆ ಎಂದು ನನಗೆ ಹೊಳೆಯಿತು. ಜನ್ಮದಲ್ಲಿ ನನಗೆ ಹೊಳೆದ ಒಂದೇ ಸ್ವಂತ ವಿಚಾರ ಅದು. ಹೊಳೆಯದಿದ್ದರೆ ನೆಟ್ಟಗಿತ್ತು.

ಶಾಲೆಯ ಮುರುಕು ಸಾಮಾನಿನಲ್ಲಿ ಬಿದ್ದ ಹಳೆಯ ಕರಿಹಲಗೆಯ ಹಿಂಬದಿಗೆ ಚಿತ್ರ ತೆಗೆಯತೊಡಗಿದೆ. ಗುರಸಿದ್ಧಪ್ಪನವರನ್ನು ಕೂಡಿಸಿಕೊಂಡೆ. ಅಮಾವಾಸ್ಯೆಯ ದಿನ ಮಾತ್ರ ಮಗ್ಗಕ್ಕೆ ರಜೆಯಾದ್ದರಿಂದ ಚಿತ್ರ ಮುಗಿಯಲು ನಾಲ್ಕು ಅಮಾವಾಸ್ಯೆ ಬೇಕಾದವು. ಕರಿ ಅರಿವೆಯಲ್ಲಿ ಎರಡು ತೂತು ಕತ್ತರಿಸಿ ಕಣ್ಣಿಗೆ ಕಟ್ಟಿದೆ. ಅದರ ಮೇಲೆ ಅವರು ತಮ್ಮ ಕನ್ನಡಕ ಏರಿಸಿಕೊಂಡರು. ಸರದಾರನ ಹಾಳೆಯನ್ನು ತಿರುವಿ ಮುರುವಿ ನೋಡಿ, "ಮಾಸ್ತರ್ರ, ಮಾರಿ ನಂದು ಬರ್ಲಿ. ಚಡ್ಡಿ ಮಾತ್ರ ನಿಮ್ಮ ಮನಸ್ಸಿಂದ ತಗೀರಿ" ಎಂದರು. ಹಾಗೇ ಆಯಿತು. ಬೆನ್ನ ಮೇಲಿನ ನಿಲುವಂಗಿಗೆ ನಾನು ಕಣ್ಣೆದುರಿಗೇ ಇದ್ದ ಬಟ್ಟೆ ಆರಿಸಿಕೊಂಡೆ: ಇಳಕಲ್ ಸೀರೆಯ ಟೋಪ್ ತೆನಿ ಸೆರಗು, ಕೆಂಪು ರೇಷ್ಮೆಯ ನಡುವೆ ಬಿಳಿ ಹಣಿಗೆ ಹಲ್ಲಿನಂಥ ಸಾಲು. ಸರದಾರನ ಕೊರಳಿಗೆ ಗಂಟು ಹಾಕಿ ಹಿಂದೆ ಇಳಿಬಿಟ್ಟೆ. ಬಹಳ ಚೆಂದ ಕಂಡಿತು. ಚೆಂದ ಕಂಡಾಗಲೇ ನಾನು ಹೆದರಬೇಕಿತ್ತು. ಉಳಿದದ್ದಕ್ಕೆಲ್ಲ ಹೆದರುವವನು ಅಲ್ಲೊಂದು ಮರೆತೆ.

ಹುನಗುಂದದಲ್ಲಿ ತಾಲೂಕಿನ ಶಿಕ್ಷಕರ ಕಲಾ ಪ್ರದರ್ಶನ, ಮೂರು ದಿನ. ಮೊದಲ ದಿನ ಯಾರೂ ಏನೂ ಅನ್ನಲಿಲ್ಲ. ಇಬ್ಬರು ಮುದುಕಿಯರು ಚಿತ್ರದ ಮುಂದೆ ಕೈಮುಗಿದು ಹೋದರು. ಸಂಜೆ ನೋಡಿದರೆ ಹಲಗೆಯ ಬುಡದಲ್ಲಿ ಒಂದು ಎಲೆ, ಒಂದು ಅಡಿಕೆ, ಎಕ್ಕೆಯ ಹೂವಿನ ಸರ. ಕಲೆಗೆ ಸಿಕ್ಕ ಗೌರವವೆಂದು ತಿಳಿದು ನಾನು ನೆಮ್ಮದಿಯಾಗಿ ಉಂಡೆ.

ಎರಡನೆಯ ದಿನ ಮಾರುತಿ ಗುಡಿಯ ಉಸ್ತುವಾರಿ ನೋಡುತ್ತಿದ್ದ ಭೀಮಪ್ಪನವರು ಬಂದರು. ಕಾಳಿನ ವ್ಯಾಪಾರಿ, ದಪ್ಪ ದನಿಯ ಮನುಷ್ಯ. ಹಾರುತ್ತಾನೆ, ಬಲಶಾಲಿ, ಹನುಮಂತನ ಹಾಗೆ ಚಡ್ಡಿ ಮೇಲೆಯೇ ಇದೆ. ಅಂದ ಮೇಲೆ ಇವನು ಹನುಮಪ್ಪನೇ, ಬಾಲ ಎಲ್ಲಿ ಹೋಯಿತು, ಕನ್ನಡಕ ಯಾಕೆ ಬಂತು ಎಂದು ಕೇಳಿದರು. ಹಿರಿಯರಲ್ಲಿ ಸರದಾರನ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಕೇಳಿದ್ದವರು ಹುಡುಗರು, ಅವರ ಸಿಟ್ಟು ಬೇರೆ. ತಮ್ಮ ಸರದಾರನನ್ನು ಮುದುಕನನ್ನಾಗಿ ಮಾಡಿದ್ದಾರೆ, ಹೊಟ್ಟೆ ಬರಿಸಿದ್ದಾರೆ, ಹಾರುವವನನ್ನು ತಗ್ಗಿನಲ್ಲಿ ಕೂಡಿಸಿದ್ದಾರೆ ಎಂದು ಏಳನೆಯ ಇಯತ್ತೆಯವರು ಅರ್ಜಿ ಬರೆದು ಹನ್ನೊಂದು ಜನ ಸಹಿ ಮಾಡಿದ್ದರು. ಅದರಲ್ಲಿ ಕಾಗುಣಿತ ತಪ್ಪಿರಲಿಲ್ಲ. ನಮ್ಮ ಶಾಲೆಯಲ್ಲಿ ಅಂಥ ಬರಹ ನಾನು ಅದೊಂದೇ ಕಂಡದ್ದು. ಮೂರನೆಯ ತಕರಾರು ಇಳಕಲ್ಲಿನ ನೇಕಾರ ಹಿರಿಯರದು. ಮಗಳಿಗೆ ಉಡಿ ತುಂಬುವ ಸೆರಗನ್ನು, ಹಿರಿಯರ ಮುಂದೆ ತಲೆಗೆ ಹೊದೆಯುವ ಸೆರಗನ್ನು ಗಂಡಸಿನ ಕೊರಳಿಗೆ ಕಟ್ಟಿದ್ದು ಸರಿಯಲ್ಲ ಎಂದು ಅವರು ಶಾಂತವಾಗಿ ಹೇಳಿ ಕಳಿಸಿದ್ದರು. ಶಾಂತವಾಗಿ ಹೇಳಿದ್ದಕ್ಕೆ ಯಾರೂ ಲಕ್ಷ್ಯ ಕೊಡಲಿಲ್ಲ.

ದೇಸಾಯರು ಮಹಾ ವ್ಯವಹಾರಸ್ಥರು. "ಅದಕ್ಕೇನು ದೊಡ್ಡ ವಿಚಾರ ಮಾಡ್ತೀರಿ ಮಾಸ್ತರ? ಈತ ಹನುಮಂತ ಅಲ್ಲ ಅಂತ ಒಂದು ಪಾಟಿ ಬರದು ಬಡೀರಿ, ಮುಗದಹೋತು" ಎಂದರು. ಬೋರ್ಡು ಬರೆಯುವುದೆಂದರೆ ನನ್ನ ಕೈ ಮುಂದಾಗುತ್ತದೆ. ದುಂಡಗಿನ ಅಕ್ಷರದಲ್ಲಿ 'ಈತ ಹನುಮಂತನಲ್ಲ' ಎಂದು ಬರೆದು ಚಿತ್ರದ ಕೆಳಗೆ ನಾಲ್ಕು ಮೊಳೆ ಹೊಡೆದೆ.

ಅಲ್ಲಿಯವರೆಗೆ ಆ ಚಿತ್ರದಲ್ಲಿ ಹನುಮಂತನನ್ನು ಕಂಡವರು ನಾಲ್ಕೈದು ಜನ. ಪಾಟಿ ಹೊಡೆದ ಮೇಲೆ ಇಡೀ ಹುನಗುಂದ ಕಂಡಿತು. ದಾರಿಯಲ್ಲಿ ಹೋಗುವವರೂ ಒಳಗೆ ಬಂದು, ಹೆಸರು ಓದಿ, ಬಾಲ ಹುಡುಕತೊಡಗಿದರು. ಭೀಮಪ್ಪನವರು ಮತ್ತೆ ಬಂದು ಪಾಟಿಯ ಮೇಲೆ ಬೆರಳಿಟ್ಟು ಕೇಳಿದರು:

"ಕುರ್ಚಿ ಚಿತ್ರ ತಗದ್ರ ಅದರ ಕೆಳಗ ಇದು ಹನುಮಪ್ಪ ಅಲ್ಲ ಅಂತ ಯಾರರ ಬರೀತಾರೇನ್ರಿ?"

ಮೊಳೆಗಳು ಗಟ್ಟಿಯಾಗಿವೆಯೇ ಎಂದು ನಾನು ಮುಟ್ಟಿ ನೋಡಿದೆ.

ಮೂರನೆಯ ದಿನ ಪ್ರದರ್ಶನದ ಕೋಣೆಯಲ್ಲೇ ವಿಚಾರಣೆ ನಡೆಯಿತು. ದೇಸಾಯರು, ಭೀಮಪ್ಪನವರು, ಇನ್ನಿಬ್ಬರು ಊರ ಪ್ರಮುಖರು ಬೆಂಚಿನ ಮೇಲೆ, ನಾನು ನಿಂತು. ದೇಸಾಯರು ಮೊದಲೇ ಕಿವಿಯಲ್ಲಿ ಹೇಳಿದ್ದರು: ಎಂಟು ದಿನದಲ್ಲಿ ಇನ್‌ಸ್ಪೆಕ್ಟರರು ಇಳಕಲ್ಲಿಗೆ ಬರುತ್ತಾರೆ, ನಿಮ್ಮ ಕಾಯಂ ಕಾಗದ ಅವರ ಚೀಲದಲ್ಲಿದೆ, ಬಾಯಿ ಬಿಡುವಾಗ ಅದನ್ನು ನೆನಪಿಡಿ. ನಾನು ಅದನ್ನು ಬಿಟ್ಟು ಬೇರೇನನ್ನೂ ನೆನಪಿಡಲಿಲ್ಲ.

ಯಾರನ್ನು ನೋಡಿ ಚಿತ್ರ ತೆಗೆದಿರಿ ಎಂದು ಭೀಮಪ್ಪನವರು ಕೇಳಿದರು. ಬಯಲಾಟದ ಮೇಳದವರು ಯಾರಾದರೂ ಎದುರಿಗೆ ಕೂತಿದ್ದರೆ ಅವರನ್ನೂ ಕರೆಸಬೇಕು ಎಂದರು.

"ಯಾರನ್ನೂ ನೋಡಿಲ್ರಿ" ಎಂದೆ. "ಬರೇ ಮನಸ್ಸಿಂದ ತಗದದ್ದು."

ಹೇಳಿ ಮುಗಿಸಿ ತಲೆ ಎತ್ತಿದರೆ ಬಾಗಿಲಲ್ಲಿ ಗುರಸಿದ್ಧಪ್ಪನವರು. ಮದುವೆಯ ಕರಿ ಕೋಟು, ತಲೆಗೆ ಇಸ್ತ್ರಿ ಮಾಡಿದ ರುಮಾಲು. ಇಳಕಲ್ಲಿನಿಂದ ಬಸ್ಸಿಗೆ ಬಂದಿದ್ದರು. ಒಂದು ಗಳಿಗೆ ಚಿತ್ರದ ಕಡೆ, ಒಂದು ಗಳಿಗೆ ನನ್ನ ಕಡೆ ನೋಡಿ ಹೊರಳಿ ಹೋದರು. ನಾನೊಬ್ಬ ಬಡ ನೇಕಾರನನ್ನು ದೊಡ್ಡವರ ಕೈಯಿಂದ ಪಾರು ಮಾಡಿದೆನೆಂದು ಅಂದುಕೊಂಡೆ. ಅಂಜುಬುರುಕನಿಗೆ ತನ್ನ ಅಂಜಿಕೆಯನ್ನು ಉಪಕಾರವೆಂದು ಕರೆದುಕೊಳ್ಳುವ ಅಭ್ಯಾಸ ಇರುತ್ತದೆ.

ಪ್ರಮುಖರು ತೀರ್ಪು ಕೊಟ್ಟರು. ಸೆರಗು ಅಳಿಸಬೇಕು. ಚಡ್ಡಿಯ ಮೇಲೆ ಧೋತರ ಬರಬೇಕು. ಮುಖವಾಡ ತೆಗೆಯಬೇಕು, ಮುಖವೂ ಬೇರೆಯಾದರೆ ಉತ್ತಮ. ಅಂದರೆ ಮಗ್ಗವೊಂದು ಉಳಿಯಬೇಕು. ಕಲೆಯ ಬಗ್ಗೆ ಇಷ್ಟು ಸ್ಪಷ್ಟವಾದ ಮಾರ್ಗದರ್ಶನ ನನಗೆ ಮುಂದೆ ಯಾವ ತರಬೇತಿಯಲ್ಲೂ ಸಿಗಲಿಲ್ಲ. ಎಲ್ಲದಕ್ಕೂ ಆಗಲಿ ಎಂದೆ.

ಹಲಗೆಯನ್ನು ಬಸ್ಸಿನ ಮೇಲೆ ಹಾಕಿಸಿ ಇಳಕಲ್ಲಿಗೆ ತಂದು, ಮುಖ ಗೋಡೆಗೆ ಮಾಡಿ ಪಡಸಾಲೆಯಲ್ಲಿ ನಿಲ್ಲಿಸಿದೆ. ಗುರಸಿದ್ಧಪ್ಪನವರು ಎರಡು ದಿನ ನನ್ನನ್ನು ಕಂಡೊಡನೆ ಮಗ್ಗಕ್ಕೆ ಇಳಿಯುತ್ತಿದ್ದರು. ಲಾಳಿಯ ಸದ್ದು ಮಾತ್ರ ಮೊದಲಿಗಿಂತ ಜೋರಾಗಿ ಬರುತ್ತಿತ್ತು. ಮೂರನೆಯ ದಿನ ಶಾಲೆಯಿಂದ ಬಂದು, ಹಲಗೆ ತಿರುಗಿಸಿ, ಸೆರಗು ಅಳಿಸಲು ಟರ್ಪಂಟೈನಿನ ಬಾಟಲಿ ತೆಗೆದೆ. ಗಂಗವ್ವ ಎಳೆಯ ಕಟ್ಟು ಹಿಡಿದು ಒಳಗೆ ಹೋಗುತ್ತಿದ್ದವಳು ನಿಂತಳು. ಅವಳು ಆ ಚಿತ್ರವನ್ನು ಅಲ್ಲಿಯವರೆಗೆ ನೆಟ್ಟಗೆ ನೋಡಿರಲಿಲ್ಲ.

"ಮಾಸ್ತರ್ರ, ಈ ಸೆರಗಿನ ಸೀರಿ ಎಲ್ಲೈತ್ರಿ?"

ಸೀರೆ ಇಲ್ಲ, ಇದು ಬರೇ ಸೆರಗು ಎಂದೆ.

"ಬರೇ ಸೆರಗು ಮಗ್ಗದಾಗ ಹುಟ್ಟೂದಿಲ್ರಿ."

ಕೂತು, ಕೈಯಲ್ಲಿದ್ದ ಕಟ್ಟು ಬಿಚ್ಚಿ ತೋರಿಸಿದಳು. ಸೀರೆಯ ಒಡಲಿನ, ಎಂದರೆ ಮೈಯ, ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಒಂದೊಂದು ಸೀರೆಗೂ ಈ ಎರಡು ಹಾಸನ್ನು ಎಳೆಗೆ ಎಳೆ ಸಿಕ್ಕಿಸಿ ಜೋಡಿಸಬೇಕು. ಹತ್ತಿಯ ಎಳೆಯ ಕುಣಿಕೆಯಲ್ಲಿ ರೇಷ್ಮೆಯ ಎಳೆಯ ಕುಣಿಕೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಆ ಮೇಲೆಯೇ ಅದು ಮಗ್ಗ ಏರುವುದು. ಎರಡು ವರ್ಷ ಆ ಕೆಲಸ ನಡೆಯುವ ಅಂಗಳ ದಾಟಿ ನಾನು ಶಾಲೆಗೆ ಹೋಗಿದ್ದೆ, ಮಕ್ಕಳಿಗೆ ವಸ್ತುಗಳನ್ನು ಕಣ್ಣಿಟ್ಟು ನೋಡುವುದು ಹೇಗೆಂದು ಕಲಿಸಲು.

"ಕೊಂಡಿ ಹಾಕಿದ ಮ್ಯಾಲ ಸೆರಗು ಬ್ಯಾರೆ ಆಗಬೇಕಂದ್ರ ಕತ್ತರಿನ ಬೇಕ್ರಿ" ಎಂದಳು. "ಯಾರ ಮೈಮ್ಯಾಗಿಂದ ಕತ್ತರಿಸ್ಯಾನ್ರಿ, ನಿಮ್ಮ ಸರದಾರ?"

ಹುನಗುಂದದಲ್ಲಿ ಮೂರು ದಿನ ಗದ್ದಲ ನಡೆದರೂ ನಿಜವಾಗಿ ಚಿತ್ರದ ಬಗ್ಗೆ ಕೇಳಿಬಂದ ಮೊದಲ ಪ್ರಶ್ನೆ ಇದು. ಜನರನ್ನು ಕಾಯುವ ವೀರನ ಕೊರಳಲ್ಲಿ ಯಾವಳೋ ಒಬ್ಬಳ ಕತ್ತರಿಸಿದ ಸೆರಗು ನೇತುಬಿದ್ದಿತ್ತು. ನಾನೇ ಗಂಟು ಹಾಕಿದ್ದೆ, ಚೆಂದ ಕಂಡಿತೆಂದು. ಶಾಂತವಾಗಿ ಹೇಳಿ ಕಳಿಸಿದ್ದ ನೇಕಾರ ಹಿರಿಯರಿಗೆ ತಿಳಿದದ್ದೂ ಬಹುಶಃ ಇದೇ ಇರಬೇಕು. ಬಿಡಿಸಿ ಹೇಳಲು ಸಂಕೋಚಪಟ್ಟಿದ್ದರು.

ಒಳಗೆ ಹೋಗುವಾಗ ಅವಳು ಇನ್ನೊಂದು ಮಾತು ಹೇಳಿದಳು. "ಅವರ ಹೆಸರ ಯಾಕ ಹೇಳಲಿಲ್ರಿ? ನಾ ತೆಲಿಗೆ ಎಣ್ಣಿ ಹಚ್ಚಿ ಕಳಿಸಿದ್ದೆ."

ಅವರನ್ನು ತೊಂದರೆಯಿಂದ ಉಳಿಸಲು ಎಂದು ಏನೋ ತೊದಲಿದೆ. ಅವಳ ಗಂಡ ಅಂದು ಓಣಿಗೆಲ್ಲ ಹೇಳಿಕೊಂಡು ಹೋಗಿದ್ದರಂತೆ, ಹುನಗುಂದದಲ್ಲಿ ನನ್ನ ಚಿತ್ರ ಹಚ್ಚಿದ್ದಾರೆ, ಸಾಹೇಬರು ನನ್ನ ಹೆಸರು ಕೇಳುತ್ತಾರೆ ಎಂದು. ತೊಂದರೆಯಾದರೆ ಆಗುತ್ತಿತ್ತು, ಹೆಸರಾದರೂ ಬರುತ್ತಿತ್ತು ಎಂಬುದು ಅವಳು ಹೇಳಿದ್ದರ ಅರ್ಥ.

ಟರ್ಪಂಟೈನಿನ ಬಾಟಲಿಗೆ ಬಿರಡೆ ಹಾಕಿದೆ. ಬಡಿಗನಿಂದ ಹಲಗೆಗೆ ಇನ್ನೊಂದು ಹಲಗೆ ಜೋಡಿಸಿಕೊಂಡೆ. ಕೊರಳಿನ ಗಂಟು ಅಳಿಸಿದೆ. ಸೆರಗು ಈಗ ಸರದಾರನ ಹೆಗಲ ಮೇಲಿಂದ ಜಾರಿ ಮುಂದೆ ಬಂದು, ಕೊಂಡಿ ದಾಟಿ, ಕಡುನೀಲಿಯ ಒಡಲಾಗಿ ಮಗ್ಗದೊಳಗೆ ಹೋಯಿತು. ಕೊಂಡಿಯ ಭಾಗ ತೆಗೆಯುವಾಗ ಗಂಗವ್ವ ಪಕ್ಕದಲ್ಲೇ ಕೂತಿದ್ದಳು. ಐದು ಸಂಜೆ. ಸರಸರ ಗೆರೆ ಎಳೆದರೆ ಬಿಡುತ್ತಿರಲಿಲ್ಲ. ಈ ಎಳೆಯ ಬಾಯಿ ಎಲ್ಲಿದೆ, ಇದು ಯಾವುದರೊಳಗೆ ಹೋಯಿತು ಎಂದು ಒಂದೊಂದನ್ನೂ ಕೇಳಿ, ತಪ್ಪಿದ್ದನ್ನು ಅಳಿಸಿಸಿದಳು. ನನ್ನ ಮೇಲೆ ಅಷ್ಟು ಕಟ್ಟುನಿಟ್ಟಾದ ಮೇಲಧಿಕಾರಿ ಇಲಾಖೆಯಲ್ಲಿ ಸಿಗಲಿಲ್ಲ.

ಐದನೆಯ ಸಂಜೆ ಗುರಸಿದ್ಧಪ್ಪನವರು ಮಗ್ಗದಿಂದ ಎದ್ದು ಬಂದು ಹಿಂದೆ ನಿಂತರು. ಕನ್ನಡಕ ಏರಿಸಿ ಕೊಂಡಿಯ ಎಳೆ ಎಣಿಸಿದರು.

"ಇಂವ ಇನ್ನ ಹಾರಾಂವಲ್ಲ ಬಿಡ್ರಿ" ಎಂದರು. "ಆದ್ರ ಸೀರಿ ಮುಗಸ್ತಾನ."

ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ತಮ್ಮ ಹೊಟ್ಟೆಯ ಕಡೆ ತೋರಿಸಿ, "ಇಲ್ಲಿ ತುಸು ಕಡಿಮಿ ಮಾಡಿದ್ರ ಆಗತಿತ್ತು" ಎಂದು ಒಳಗೆ ಹೋದರು. ಕಡಿಮೆ ಮಾಡಿದೆ.

ಧೋತರ ಬರೆಯಲಿಲ್ಲ, ತಗ್ಗಿನಲ್ಲಿ ಕೂತವನ ಮೇಲೆ ಸೀರೆ ಹಾಯ್ದು ಚಡ್ಡಿ ತಾನಾಗಿಯೇ ಮುಚ್ಚಿಹೋಗಿತ್ತು. ಮುಖವಾಡ ತೆಗೆಯಲಿಲ್ಲ. ಮುಖವನ್ನು ಬದಲಿಸುವ ಮಾತೇ ಇರಲಿಲ್ಲ. ಇಷ್ಟು ಧೈರ್ಯ ಮಾಡಿದ್ದಕ್ಕೆ ರಾತ್ರಿಗಳಲ್ಲಿ ನಿದ್ದೆ ಬಿಟ್ಟೆ.

ಇನ್‌ಸ್ಪೆಕ್ಟರರು ಮೈಸೂರು ಕಡೆಯವರು, ಮೆಲುಮಾತಿನವರು, ಕೈಯಲ್ಲಿ ಹೊಸ ಫಾರಂ. ತೀರ್ಪಿನಂತೆ ತಿದ್ದಿದ್ದಾರೆಯೇ ಎಂದು ನೋಡಲು ಹುನಗುಂದದಿಂದ ಬಂದಿದ್ದ ಭೀಮಪ್ಪನವರನ್ನು ಮೊದಲು, ನಾನು ಶಾಲೆಗೆ ತಂದಿಟ್ಟಿದ್ದ ಚಿತ್ರದ ಮುಂದೆ ಬಿಟ್ಟರು. ಅವರು ಚಿತ್ರದ ಸುತ್ತ ನೋಡಿ, ಹನುಮಪ್ಪ ಮಗ್ಗ ನೇಯ್ದ ಕಥೆ ಯಾವ ಪುರಾಣದಲ್ಲೂ ಇಲ್ಲ, ಆದ್ದರಿಂದ ಇವನು ಹನುಮಪ್ಪ ಅಲ್ಲ ಎಂದು ಒಪ್ಪಿದರು. ಪಾಟಿ ಕಿತ್ತು ಹಾಕಿ ಎಂದು ಅವರೇ ಹೇಳಿದರು. ಆಮೇಲೆ ಇನ್‌ಸ್ಪೆಕ್ಟರರು ಲೇಖಣಿ ತೆಗೆದು ಫಾರಂ ಮೇಲೆ ಕಣ್ಣಾಡಿಸಿದರು. ಅಲ್ಲೊಂದು ತೊಡಕು ಬಂತು.

"ಏನ್ರೀ ಇದು, ಚಿತ್ರ ಅನ್ನೋ ಕಾಲಮ್ಮೇ ಇಲ್ವಲ್ರೀ ಇದ್ರಲ್ಲಿ" ಎಂದರು.

ಇರಲಿಲ್ಲ. ಚಿತ್ರಕಲಾ ಶಿಕ್ಷಕನ ಕೆಲಸವೆಂದು ಫಾರಂ ಒಪ್ಪುತ್ತಿದ್ದದ್ದು ಮೂರನ್ನು: ನಾಮಫಲಕ, ಮಹನೀಯರ ಭಾವಚಿತ್ರ, ಬೋಧನೋಪಕರಣ. ದೇಸಾಯರು ಸಂಸ್ಕೃತದ ಮಾಸ್ತರರ ಕಡೆ ನೋಡಿದರು. ಪಾಠ ಹೇಳಲು ಬಳಸುವ ಸಾಮಾನು ಎಂದು ಅವರು ಸಮಾಸ ಬಿಡಿಸಿದಂತೆ ಬಿಡಿಸಿ ಹೇಳಿದರು. ದೇಸಾಯರ ಮುಖ ಅರಳಿತು.

"ಹಂಗಾರ ಅದನ ಅದ ಇದು! ಕೊಂಡಿ ಹಾಕೂದು ಕಲಸಲಿಕ್ಕೆ ತಗದಾರ. ಹೌದಲ್ರೀ ಮಾಸ್ತರ?"

"ಈ ಮನುಷ್ಯ ಯಾರು?" ಎಂದು ಇನ್‌ಸ್ಪೆಕ್ಟರರು ಕೇಳಿದರು, ನನ್ನನ್ನೇ.

ಕಾಯಂ ಕಾಗದ ಅವರ ಚೀಲದಿಂದ ಅರ್ಧ ಹೊರಗೆ ಕಾಣುತ್ತಿತ್ತು. ಇದು ಪಾಠದ ಸಾಮಾನಲ್ಲ, ಚಿತ್ರ, ಈ ಮನುಷ್ಯ ಗುರಸಿದ್ಧಪ್ಪ, ಎರಡು ಮಾತು. ನನ್ನ ಬಾಯಿಂದ ಒಂದೂ ಬರಲಿಲ್ಲ. ದೇಸಾಯರೇ, ಹಿಂಗ ಒಬ್ಬ ನೇಕಾರ, ಶೋಭೆಗೆ ಇರಲಿ ಅಂತ ತೆಗೆದಿದ್ದಾರೆ ಎಂದರು. ಇನ್‌ಸ್ಪೆಕ್ಟರರು ಹಾಗೇ ಬರೆದುಕೊಂಡರು. ಬೋಧನೋಪಕರಣ: ಒಂದು. ವಿಷಯ: ನೇಯ್ಗೆ. ಅದನ್ನು ಕೈಕಸಬಿನ ಕೋಣೆಯಲ್ಲಿ ತೂಗುಹಾಕಬೇಕೆಂದೂ, ತಯಾರಿಸಿದ ಶಿಕ್ಷಕನ ಉತ್ಸಾಹ ಮೆಚ್ಚತಕ್ಕದ್ದೆಂದೂ ಬರೆದು ನನ್ನ ಕಾಗದಕ್ಕೆ ಸಹಿ ಹಾಕಿದರು.

ಹೀಗೆ ನಾನು ಕಾಯಂ ಆದೆ. ಮನೆಗೆ ಬಂದು ಸುದ್ದಿ ಹೇಳಿದಾಗ ಗಂಗವ್ವ ಸಕ್ಕರೆ ಕೊಟ್ಟಳು. ಗುರಸಿದ್ಧಪ್ಪನವರು, ಈ ಸಲ ಸಾಹೇಬರು ಏನಾದರೂ ಕೇಳಿದರೇ ಎಂದರು. ಏನೂ ಕೇಳಲಿಲ್ಲ ಎಂದೆ. ಅವರು ಹೌದೌದು ಎಂದು ಮಗ್ಗಕ್ಕೆ ಇಳಿದರು. ಮುಂದಿನ ವರ್ಷ ನನಗೆ ಕೆರೂರಿಗೆ ವರ್ಗವಾಯಿತು. ಆ ಮೇಲಿನ ಊರುಗಳು, ಬೋರ್ಡುಗಳು, ಬಡ್ತಿಗಳು ಯಾರಿಗೂ ಬೇಡ, ನನಗೂ ಬೇಡ.

ನಿವೃತ್ತಿಯ ಕಾಗದಕ್ಕೆ ಹಳೆಯ ಶಾಲೆಗಳಿಂದಲೆಲ್ಲ ದಾಖಲೆ ಬೇಕಾಗಿ ಕಳೆದ ವರ್ಷ ಇಳಕಲ್ಲಿಗೆ ಹೋಗಿದ್ದೆ. ಗುರಸಿದ್ಧಪ್ಪನವರು ಹೋಗಿ ಬಹಳ ವರ್ಷವಾಗಿತ್ತು. ಅವರ ಹಿಂದೆಯೇ ಗಂಗವ್ವ. ಗುಮಾಸ್ತರು ಹೊರಗಿದ್ದುದರಿಂದ ಕೈಕಸಬಿನ ಕೋಣೆಯಲ್ಲಿ ಕೂತೆ. ಹಲಗೆ ಅಲ್ಲೇ ಇತ್ತು, ಇನ್ನೂ ನೌಕರಿಯಲ್ಲಿ. ಮುಖವಾಡದ ಬಣ್ಣ ಮಾಸಿತ್ತು. ಕೊಂಡಿಯ ಜಾಗ ಮಾತ್ರ ಮಕ್ಕಳ ಬೆರಳು ತಾಗಿ ತಾಗಿ ಕಪ್ಪಗೆ ಹೊಳೆಯುತ್ತಿತ್ತು. ಅದು ಬಹಳ ಬರೋಬ್ಬರಿ ಇದೆ, ನೋಡಿದವರಿಗೆ ಬೇರೆ ಹೇಳಿಕೊಡುವ ಕೆಲಸವೇ ಇಲ್ಲ ಎಂದು ಅಲ್ಲಿಯ ಶಿಕ್ಷಕಿ ಹೇಳಿದಳು. ಆಕೆಗೆ ನಾನು ಯಾರೆಂದು ಗೊತ್ತಿರಲಿಲ್ಲ.

"ಆದ್ರ ಈ ಕಣ್ಣಿಗೆ ಕಟಗೊಂಡಾಂವ ಯಾರಂತ ಯಾರಿಗೂ ತಿಳೀವಲ್ದು ನೋಡ್ರಿ ಸರ" ಎಂದಳು.

ಹಲಗೆಯ ಕೆಳಗೆ ಹಳೆಯ ಪಾಟಿಯ ನಾಲ್ಕು ಮೊಳೆಯ ತೂತುಗಳು ಹಾಗೇ ಇದ್ದವು. ಬಿಳಿ ಬಣ್ಣ ಇದೆಯೇ ಎಂದು ಕೇಳಿದೆ. ಮಕ್ಕಳ ಕುಂಚವೊಂದನ್ನು ಕೊಟ್ಟಳು. ಗುರಸಿದ್ಧಪ್ಪ ಎಂದು ಬರೆದೆ. ಅದರ ಕೆಳಗೆ, ಕೊಂಡಿ ಹಾಕಿದವರು ಗಂಗವ್ವ. ನನ್ನ ನೌಕರಿಯ ಕೊನೆಯ ಬೋರ್ಡು. ಅದಕ್ಕೆ ನಿಚ್ಚಣಿಕೆ ಬೇಕಾಗಲಿಲ್ಲ. ಮೊಣಕಾಲು ಬೇಡವೆಂದರೂ ನೆಲಕ್ಕೆ ಕೂತು ಬರೆದೆ.